ಒರಿಜಿನಲ್ ಥರಾನೇ

ಇವತ್ತು ಚಾಮರಾಜನಗರದ ಒಂದು ಪಾತ್ರೆ ಅಂಗಡಿಯಲ್ಲಿ ಜಗಳ ಆಡಿಕೊಂಡು ಬಂದೆ. ಅವ್ವನ ಕುಕ್ಕರಿಗೆ ಗ್ಯಾಸ್ಕೆಟ್ ಬೇಕಿತ್ತು. ಅಂಗಡಿಯವನು ಕೊಟ್ಟ ರಬ್ಬರ್ ಬಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಒರಿಜಿನಲ್ಲಾ?" ಎಂದು ಕೇಳಿದೆ.

"ಒರಿಜಿನಲ್ ಥರಾನೇ ಸಾರ್," ಎಂದ.

ಥರಾನೇ! ಈ ಮೂರಕ್ಷರದ ಬೆನ್ನೇರಿ ಎಷ್ಟು ಸುಳ್ಳುಗಳು ಓಡಾಡುತ್ತಿವೆ, ನೀವೇ ಲೆಕ್ಕ ಹಾಕಿ. ತುಪ್ಪದ ಥರಾನೇ, ರೇಷ್ಮೆ ಥರಾನೇ. ನನಗೆ ನೆತ್ತಿಗೇರಿತು. "ಹಂಗಾದ್ರೆ ನೀವೂ ಅಂಗಡಿಯವರ ಥರಾನೇನಾ?" ಎಂದು ಅವನದೇ ದನಿಯಲ್ಲಿ, ಅವನದೇ ಮೂಗಿನಲ್ಲಿ ಕೇಳಿದೆ. ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ಅವನು ನಗಲಿಲ್ಲ. ಕೊನೆಗೆ ಅದೇ ಬಳೆಯನ್ನು ಕೊಂಡುಕೊಂಡು ಬಸ್ಸು ಹತ್ತಿದೆ. ಅವ್ವನ ಎದುರು ಬರಿಗೈಯಲ್ಲಿ ನಿಲ್ಲುವಷ್ಟು ಧೈರ್ಯ ನನ್ನ ಸಿಟ್ಟಿಗೆ ಇಲ್ಲ.

ಬಸ್ಸು ತೆರಕಣಾಂಬಿ ದಾಟಿದರೂ ಕೋಪ ಇಳಿಯಲಿಲ್ಲ. ಒಂದು ರಬ್ಬರ್ ಬಳೆಗೆ ಇಷ್ಟು ಉರಿಯಬೇಕೇ? ಉರಿಯುತ್ತಿದ್ದದ್ದು ಬೇರೆಯದು. ಮೂರು ವರ್ಷ ಹಳೆಯದು. ಅದೂ ಬಳೆಯದೇ ವಿಷಯ. ಆದರೆ ಕಬ್ಬಿಣದ್ದು.

ಮೊದಲು ನನ್ನ ರೋಗದ ಬಗ್ಗೆ ಹೇಳಿಬಿಡುತ್ತೇನೆ. ಯಾರ ಮಾತು ಕಿವಿಗೆ ಬಿದ್ದರೂ ಅದು ಅರ್ಧ ಗಂಟೆಯೊಳಗೆ ನನ್ನ ಬಾಯಿಂದ ಹೊರಗೆ ಬರುತ್ತದೆ. ಕಂಡಕ್ಟರು, ಹೆಡ್‌ಮಾಸ್ಟರು, ಗೋಪಾಲಸ್ವಾಮಿ ಬೆಟ್ಟದ ಮೇಲೆ ಚಳಿಗೆ ನಡುಗುತ್ತಾ ಗೋವಿಂದಾ ಎನ್ನುವ ಭಕ್ತರು, ಎಲ್ಲರೂ ನನ್ನೊಳಗೆ ಬಾಡಿಗೆಗಿದ್ದಾರೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಪ್ಪನ ದನಿಯನ್ನು ಅವರಿಗೇ ತಿರುಗಿಸಿಕೊಟ್ಟು, ಕಾಫಿ ಸಿಗುವ ಮೊದಲೇ ಎದ್ದು ಬಂದವನು ನಾನು.

ನನ್ನ ಈ ಅಣಕದ ಅಂಗಡಿಯಲ್ಲಿ ಅತಿ ಹೆಚ್ಚು ಓಡುತ್ತಿದ್ದ ಸರಕೆಂದರೆ ಮಾದಪ್ಪಣ್ಣ. ಗುಂಡ್ಲುಪೇಟೆಯಲ್ಲಿ ಕೇರಳದ ರಸ್ತೆಯ ಪಕ್ಕದ ತಗಡಿನ ಶೆಡ್ಡಿನ ಮೆಕ್ಯಾನಿಕ್ಕು. ನಲವತ್ತು ವರ್ಷ ಇಂಜಿನ್ನುಗಳ ಜೊತೆ ಸಂಸಾರ ಮಾಡಿ ಅವರ ಕಿವಿ ಹೋಗಿತ್ತು. ಒಂದು ಕಾಲದಲ್ಲಿ ಊರಾಚೆಯ ತಿರುವಿನಲ್ಲಿ ಬರುವ ಲಾರಿಯ ಸದ್ದು ಕೇಳಿಯೇ ಯಾರ ಗಾಡಿ, ಏನು ಕಾಯಿಲೆ ಎಂದು ಹೇಳುತ್ತಿದ್ದರಂತೆ. ಈಗ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಲ್ಲಿಗೆ ಸಿಗದ ಸದ್ದಿಗೆ, ಅವರ ಹತ್ತಿರ ಕೆಲಸ ಕಲಿಯುತ್ತಿದ್ದ ನಾನಿದ್ದೆ. ನಾನು ಬಾನೆಟ್ಟಿನೊಳಗೆ ತಲೆ ಹಾಕಿ ಕೇಳಿಸಿಕೊಂಡು, ಅವರ ಕಿವಿಗೆ ಬಾಯಿಟ್ಟು ಆ ಸದ್ದನ್ನೇ ಮಾಡಿ ತೋರಿಸುತ್ತಿದ್ದೆ. "ಟಿಕ್ ಟಿಕ್ ಟಿಕ್ ಚ್ಟಿಕ್."

"ಎಲ್ಡನೇ ವಾಲ್ವು ಲೂಜಾಗದೆ ಕಣ್ಲಾ," ಎಂದು ಸ್ಪ್ಯಾನರಿಗೆ ಕೈ ಚಾಚುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ.

ಇದು ಹಗಲಿನ ಸೇವೆ. ಸಂಜೆ ಎದುರಿನ ಟೀ ಅಂಗಡಿಯಲ್ಲಿ ನನ್ನದೇ ಇನ್ನೊಂದು ಸೇವೆ. ಕೈಯನ್ನು ಕಿವಿಗೆ ಮೊರದಂತೆ ಹಿಡಿದು, "ಆಂ? ಏನಂದೆ? ಡೀಸೆಲ್ಲಾ? ಇಡ್ಲಿ ಬ್ಯಾಡ ಕಣ್ಲಾ, ಈಗ್ತಾನೆ ತಿಂದೆ!" ಎಂದರೆ ಬೆಂಚುಗಳು ಅಲುಗಾಡುವಂತೆ ನಗು. "ಮಾದಪ್ಪಂದು ಮಾಡ್ಲಾ" ಎಂದು ದಿನವೂ ಬೇಡಿಕೆ. ನಗುವವರ ನಡುವೆ ಕೂತಿದ್ದ ಗಾಡಿಗಳ ಯಜಮಾನರು ಆ ನಗುವನ್ನು ಮನೆಗೆ ಹೊತ್ತುಕೊಂಡು ಹೋಗಿ ಏನು ಮಾಡುತ್ತಿದ್ದರು ಎಂದು ನಾನು ಯೋಚಿಸಿರಲಿಲ್ಲ.

ಆಗ ಬಂತು ನೋಡಿ, ಸಿದ್ದರಾಜು ಮಾವನ ಅಂಬಾಸಿಡರು. ಮಾವ ನಮ್ಮವ್ವನ ತಮ್ಮ. ಆ ಬಿಳಿ ಕಾರನ್ನು ತಮ್ಮ ಮಕ್ಕಳಿಗಿಂತ ಹೆಚ್ಚು ಸಲ ತೊಳೆದವರು. ಬೇಗೂರಿನ ಅರ್ಧದಷ್ಟು ಮದುವೆ ಗಂಡುಗಳು ಅದರ ಹಿಂದಿನ ಸೀಟಿನಲ್ಲೇ ಬೆವೆತಿದ್ದಾರೆ. ಇಂಜಿನ್ನು ಸವೆದು ಏರು ಹತ್ತದಂತಾದಾಗ ಮಾವ ಅದನ್ನು ಮಾದಪ್ಪಣ್ಣನ ಶೆಡ್ಡಿಗೆ ತಂದು, "ಅಣ್ಣಾ, ಮೊದಲ್ನಂಗೆ ಮಾಡ್ಕೊಡು, ಅಷ್ಟೇ," ಎಂದರು.

ಇಂಜಿನ್ನನ್ನು ಪೂರ್ತಿ ಬಿಚ್ಚಿದೆವು. ಸವೆದ ಸಿಲಿಂಡರನ್ನು ಲೇತಿನಲ್ಲಿ ಕೊರೆಸಿ ನುಣುಪು ಮಾಡಿಸಿದರೆ ಅದರ ಬಾಯಿ ಒಂದು ಕೂದಲಷ್ಟು ಅಗಲವಾಗುತ್ತದೆ. ಎಷ್ಟು ಅಗಲವಾಯಿತೋ ಅಷ್ಟೇ ದೊಡ್ಡ ಪಿಸ್ಟನ್ನು, ಅದರ ಸುತ್ತ ಅಷ್ಟೇ ದೊಡ್ಡ ಕಬ್ಬಿಣದ ಬಳೆಗಳು ಬೇಕು. ಆ ಬಳೆಗಳಿಗೆ ರಿಂಗು ಎನ್ನುತ್ತಾರೆ. ನಮ್ಮದು ಇಪ್ಪತ್ತು ನಂಬರಿನ ಅಳತೆ. ಪಿಸ್ಟನ್ನು ಲೇತಿನವರಲ್ಲೇ ಸಿಕ್ಕಿತು. ರಿಂಗು ಸಿಗಲಿಲ್ಲ. ತರುವ ಕೆಲಸ ನನಗೆ.

ಹಳೆಯ ಗಾಡಿಗೆ ಬಿಡಿಭಾಗ ಹುಡುಕಿದವರಿಗೆ ಮಾತ್ರ ಗೊತ್ತು ಆ ಅವಮಾನ. ಚಾಮರಾಜನಗರದ ಒಂದು ಅಂಗಡಿಯವನು, "ಅಂಬಾಸಿಡರ್ಗಾ? ಅದನ್ನ ಇನ್ನೂ ಓಡುಸ್ತೀರಾ?" ಎಂದು ಒಳಗಿದ್ದ ತಮ್ಮನನ್ನು ಕರೆದು ನನ್ನನ್ನು ತೋರಿಸಿದ. ಇನ್ನೊಬ್ಬ ಬೇರೆ ಯಾವುದೋ ಗಾಡಿಯ ರಿಂಗನ್ನು ಕೈಗಿಟ್ಟು, "ಅಡ್ಜಸ್ಟ್ ಆಯ್ತದೆ," ಎಂದ. ಇಂಜಿನ್ನಿನ ಉಸಿರು ಹಿಡಿಯುವುದೇ ರಿಂಗು, ಉಸಿರಾಟಕ್ಕೆ ಅಡ್ಜಸ್ಟ್ ಇದೆಯೇ? ಮೂರನೆಯವನ ಹತ್ತಿರ ಸರಕಿತ್ತು, ಕಪಾಟಿನಲ್ಲಿ ಡಬ್ಬಿಗಳು ಕಾಣುತ್ತಿದ್ದವು. ಆದರೂ ನನ್ನ ಜುಟ್ಟು, ಜೀನ್ಸು ನೋಡಿ, "ಇಲ್ಲ" ಎಂದ. ಹಳಬರಿಗೆ ಮಾತ್ರ ತೆಗೆದಿಟ್ಟಿದ್ದ.

ಇಲ್ಲಿ ಒಂದು ವಿಷಯವನ್ನು ಹೇಳದೆ ದಾಟಿಹೋಗಬಹುದು. ಊರಿನವರ ಮುಂದೆ ಮೂರು ವರ್ಷ ಹಾಗೇ ದಾಟಿಹೋಗಿದ್ದೆ.

ಆ ಮೂರನೆಯ ಅಂಗಡಿಯ ಬೋರ್ಡಿನ ಮೇಲಿದ್ದ ನಂಬರಿಗೆ ಎದುರಿನ ಹುಣಸೆಮರದ ಕೆಳಗಿಂದ ಫೋನು ಮಾಡಿದೆ. ನನ್ನ ದನಿಯಲ್ಲಲ್ಲ, ಮಾದಪ್ಪಣ್ಣನ ದನಿಯಲ್ಲಿ. "ಲೋ, ನಾನ್ ಕಣಪ್ಪ, ಗುಂಡ್ಲುಪ್ಯಾಟೆ ಮಾದಪ್ಪ. ಉಡ್ಗನ್ನ ಕಳ್ಸಿವ್ನಿ, ಅಂಬಾಸಿಡರ್ ರಿಂಗ್ ಕೊಟ್ಕಳ್ಸು." ಎಷ್ಟು ನಂಬರು ಎಂದು ಅವನು ಕೇಳಿದ. ಮಾದಪ್ಪಣ್ಣ ಪದಗಳ ತಲೆಯನ್ನು ನುಂಗಿ ಬಾಲವನ್ನು ಮಾತ್ರ ಹೊರಗೆ ಬಿಡುತ್ತಾರೆ. ಕಲಾವಿದನಾದ ನಾನೂ ನುಂಗಿದೆ. "...ಪ್ಪತ್ತು." ನಮ್ಮ ಕಡೆ ಹತ್ತಕ್ಕೆ ಅತ್ತು ಎನ್ನುತ್ತಾರೆ, ನಿಮಗೆ ಗೊತ್ತಲ್ಲ. ಅವನು ಹತ್ತರ ಡಬ್ಬಿ ಕಟ್ಟಿದ. "ಮೇಸ್ತ್ರಿ ಯೋಳವ್ರೆ, ತಕಳಪ್ಪ," ಎಂದು ಮರ್ಯಾದೆಯಿಂದ ಕೊಟ್ಟ. ನಾನು ನನ್ನ ಕಲೆಗೆ ಬೀಗುತ್ತಾ, ಡಬ್ಬಿಯ ಮೇಲಿನ ನಂಬರನ್ನು ನೋಡದೆ ತಂದೆ.

ಕಾರು ಎದ್ದು ನಿಂತ ಮರುವಾರ ಮಾವ ಅತ್ತೆಯ ತವರಿನವರನ್ನು ಕೂರಿಸಿಕೊಂಡು ಕೇರಳದ ಗಡಿಯ ಮದ್ದೂರಿನ ಕಾಡಿನ ಕಡೆ ಹೊರಟರು. ನಾನೂ ಹಿಂದೆ ತುರುಕಿಕೊಂಡಿದ್ದೆ. ಕಾಡಿನ ಅಂಚು ಬರುವ ಹೊತ್ತಿಗೆ ನಮ್ಮ ಹಿಂದೆ ರಸ್ತೆಯೇ ಇರಲಿಲ್ಲ. ನೀಲಿ ಹೊಗೆ ಮಾತ್ರ ಇತ್ತು. ಚೆಕ್‌ಪೋಸ್ಟಿನ ಗಾರ್ಡು ಓಡಿಬಂದು, "ಏನ್ರೀ, ಕಾಡ್ಗೆ ಬೆಂಕಿ ಇಕ್ಕಕ್ ಬಂದಿದ್ದೀರಾ?" ಎಂದು ಬಾನೆಟ್ಟು ಬಡಿದ. ಮಾವನ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಮಾರಿಗುಡಿ ಧೂಪ ಕಣಪ್ಪ ಅಳಿಮಯ್ಯ," ಎಂದರು. ಚೆಂಡುಹೂವು ಇಳಿಸಿ ಕೇರಳದಿಂದ ಖಾಲಿ ಬರುತ್ತಿದ್ದ ಪಿಕಪ್ಪಿಗೆ ಹಗ್ಗ ಕಟ್ಟಿ ಕಾರನ್ನು ಎಳೆದು ತಂದರು.

ಇಂಜಿನ್ನು ಬಿಚ್ಚಿದಾಗ ರಿಂಗಿನ ತುದಿಯಲ್ಲಿ ಸಣ್ಣದಾಗಿ ಹತ್ತು ಎಂದು ಕೊರೆದಿತ್ತು. ಚಿಕ್ಕ ರಿಂಗಿನ ಸಂದಿಯಲ್ಲಿ ಆಯಿಲ್ ನುಗ್ಗಿ ಉರಿದಿತ್ತು. ಮಾವ ಅಂಗಡಿಗೇ ಹೋಗಿ ಕೂಗಾಡಿದರು. ಅಂಗಡಿಯವನು, "ನಿಮ್ ಮೇಸ್ತ್ರೀನೇ ಫೋನ್ ಮಾಡಿ ಅತ್ತು ಅಂದ್ರು ಸ್ವಾಮಿ," ಎಂದ. ಮಾದಪ್ಪಣ್ಣ, "ನಾನ್ ಫೋನೇ ಮಾಡ್ನಿಲ್ವಲ್ಲ ಕಣ್ ಸಿದ್ದ," ಎಂದರು. ಊರು ನಕ್ಕಿತು. ಕಿವಿ ಹೋಗಿತ್ತು, ಈಗ ಗ್ಯಾನವೂ ಹೋಗಿದೆ, ಮಾಡಿದ ಫೋನೇ ನೆನಪಿಲ್ಲ. ಲೇತಿನವನು ಇಪ್ಪತ್ತು ಎಂದರೆ ಅತ್ತು ಎಂದು ಕೇಳಿಸಿಕೊಂಡಿದ್ದಾನೆ, ಇಡ್ಲಿ ಬ್ಯಾಡ ಅನ್ನೋನು ತಾನೆ! ಊರಿನ ಬಾಯಿಗೆ ಆ ಮಾತನ್ನು ಕೊಟ್ಟವನು ನಾನೇ. ಮಾವ ಕಾರನ್ನು ಮೈಸೂರಿಗೆ ಸಾಗಿಸಿದರು. ಒಂದೊಂದಾಗಿ ಬೇರೆಯವರ ಗಾಡಿಗಳೂ ಶೆಡ್ಡು ಬಿಟ್ಟವು.

ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ. ಕೆಂಡಾಮಂಡಲ ಆಗಿದ್ದೆ! ಅಂಗಡಿಯವರ ಮೋಸದ ಮೇಲೆ, ಡೂಪ್ಲಿಕೇಟ್ ಮಾಲಿನ ಮೇಲೆ, ಕಿವುಡರನ್ನು ನೋಡಿ ನಗುವ ಊರಿನ ಮೇಲೆ ಟೀ ಅಂಗಡಿಯಲ್ಲಿ ನಿಂತು ಭಾಷಣ ಬಿಗಿದೆ. "ಫೋನು ಮಾಡಿದ್ದು ನಾನು" ಎಂಬ ಒಂದು ವಾಕ್ಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ನನ್ನ ಸಿಟ್ಟು ಕೂಡ ಒರಿಜಿನಲ್ ಥರಾನೇ ಇತ್ತು.

ಇವತ್ತು ಗುಂಡ್ಲುಪೇಟೆಯಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ಮಾದಪ್ಪಣ್ಣ ಶೆಡ್ಡಿನಲ್ಲಿ ಒಬ್ಬರೇ ಕೂತು ಔಷಧಿ ಹೊಡೆಯುವ ಪಂಪೊಂದನ್ನು ಬಿಚ್ಚುತ್ತಿದ್ದರು. ಈಗ ಅವರಿಗೆ ಬರುವುದು ಇಂಥವೇ. ಅವರ ಕಿವಿಗೆ ಬಾಯಿಟ್ಟು ಹೇಳಿದೆ. ಹುಣಸೆಮರ, ಫೋನು, ಅವರ ದನಿ, ಎಲ್ಲ.

ಅವರು ಪಂಪಿನಿಂದ ಕಣ್ಣೆತ್ತಲಿಲ್ಲ. "ಇಪ್ಪತ್ತು ಅಂದ್ಯಾ?"

"ಊಂ ಕಣಣ್ಣ."

"ನಾನ್ ಯಾವತ್ಲಾ ಇಪ್ಪತ್ತು ಅಂದಿವ್ನಿ? ಇಂಗ್ಲೀಸ್ನಲ್ಲಿ ಟೆಂಟಿ ಅಂತೀನಿ. ಕಸ್ಬು ಕಲ್ತ ದಿವ್ಸದಿಂದ ಟೆಂಟಿ. ಮೇಸ್ತ್ರಿ ಅತ್ತು ಅಂದ್ರು ಅಂತ ಅಂಗ್ಡಿಯೋನು ಅಂದಾಗ್ಲೇ ಗೊತ್ತಾಯ್ತು, ಇದು ನನ್ ದನಿ ಅಲ್ಲ, ನನ್ ಡೂಪ್ಲಿಕೇಟು ಅಂತ."

ಅವರ ಕಿವಿಗೆ ಇನ್ನಷ್ಟು ಬಗ್ಗಿದೆ. "ಮತ್ತೆ ಯಾಕಣ್ಣ ಯಾರ್ಗೂ ಹೇಳ್ಲಿಲ್ಲ?"

"ನೀನ್ ತಂದಿದ್ದು ಅಂತ ರಿಂಗ್ನ ಅಳೀದೆ ಏರ್ಸ್‌ಬುಟ್ಟೆ. ಅದು ನನ್ ತಪ್ಪು. ಅದ್ನ ನಾನ್ ಒಪ್ಕಂಡಿವ್ನಿ. ನಿಂದ ನೀನೇ ಒಪ್ಕಳ್ಲಿ ಅಂತ ಮೂರ್ ವರ್ಸ ಕಾದೆ." ಈಗ ತಲೆ ಎತ್ತಿದರು. ಅವರ ಕಣ್ಣಲ್ಲಿ ಕರುಣೆ ಏನೂ ಇರಲಿಲ್ಲ. "ನಂಗ್ ಯೋಳಿ ಏನ್ಲಾ ಬಂತು? ನಾನು ಕಿವ್ಡ. ಓಗು, ಕಿವಿ ಇರೋರ್ಗೆ ಯೋಳು."

ರಸ್ತೆ ದಾಟಿದೆ. ಟೀ ಅಂಗಡಿಯಲ್ಲಿ ಎಂದಿನ ಜನ. ಮೂಲೆಯ ಬೆಂಚಿನಲ್ಲಿ ಎಂದಿನಂತೆ ಮಾವ. ನನ್ನನ್ನು ಕಂಡೊಡನೆ ಯಾರೋ, "ಬಂದ ಕಣ್ರಲಾ! ಮಾದಪ್ಪಂದು ಮಾಡ್ಲಾ," ಎಂದರು. ಕೈ ತಾನಾಗಿಯೇ ಕಿವಿಯ ಕಡೆ ಏಳುತ್ತಿತ್ತು. ಇಳಿಸಿದೆ. ಫೋನು ಮಾಡಿದ್ದು ನಾನು, ಅತ್ತು ಆದದ್ದು ನನ್ನ ಬಾಯಲ್ಲಿ, ಮಾದಪ್ಪಣ್ಣನ ಕಿವಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ದನಿ ತೆಳ್ಳಗೆ, ಒಡೆದು ಬಂತು.

"ಇದ್ಯಾರ್ ದನೀಲಾ? ಗೊತ್ತಾಯ್ತಿಲ್ವಲ್ಲ," ಎಂದ ಒಬ್ಬ, ನಗಲು ಸಿದ್ಧನಾಗಿ.

"ನಂದು," ಎಂದೆ.

ಯಾರೂ ನಗಲಿಲ್ಲ. ಮಾವ ಗ್ಲಾಸನ್ನು ಬೆಂಚಿನ ಮೇಲಿಟ್ಟು, ನನ್ನ ಮುಖವನ್ನೂ ನೋಡದೆ ಎದ್ದು ರಸ್ತೆ ದಾಟಿದರು. ಶೆಡ್ಡಿನ ಬಾಗಿಲಲ್ಲಿ ನಿಂತು ಏನೋ ಮೆಲ್ಲಗೆ ಅಂದದ್ದು ಕಂಡಿತು.

"ಆಂ?" ಎಂದರು ಮಾದಪ್ಪಣ್ಣ, ಕೈಯನ್ನು ಕಿವಿಗೆ ಮೊರದಂತೆ ಹಿಡಿದು.

"ತಪ್ಪಾಯ್ತು ಕಣಣ್ಣ!" ಮಾವನ ದನಿ ಟೀ ಅಂಗಡಿಗೆ ತಲುಪಿತು.

"ಆಂ? ಏನಂದೆ?"

"ತಪ್ಪಾಯ್ತು ಅಂದೇ!" ಈ ಸಲ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ಇಷ್ಟು ವರ್ಷ ಅವರ ಆ 'ಆಂ' ಮಾಡಿ ಬದುಕಿದವನು ನಾನು. ಅದರ ಏರಿಳಿತ ನನಗೆ ಬಾಯಿಪಾಠ. ಜೇಬಿನಲ್ಲಿದ್ದ ಅವ್ವನ ಗ್ಯಾಸ್ಕೆಟ್ಟಿನ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಎರಡನೆಯ 'ಆಂ' ಒರಿಜಿನಲ್ ಅಲ್ಲ. ಮಾವ ಮೊದಲ ಸಲ ಕೂಗಿದಾಗಲೇ ಅವರಿಗೆ ಕೇಳಿಸಿತ್ತು.