ಏನಿಲ್ಲ, ಸ್ವಲ್ಪ ಗ್ಯಾಸು

ನನಗೆ ಎರಡು ವರ್ಷ ಗ್ಯಾಸು ಇತ್ತು. ಹಲಸೂರಿನ ನಮ್ಮ ಬೀದಿಯಲ್ಲಿ ಆಗ ಯಾರನ್ನು ಬೇಕಾದರೂ ಕೇಳಬಹುದಿತ್ತು. "ಮೇಷ್ಟ್ರಾ? ಪಾಪ, ಗ್ಯಾಸ್ ಜಾಸ್ತಿ ಆಗಿ ಆಸ್ಪತ್ರೆಗೆ ಸೇರಿಸಿದ್ರು" ಎನ್ನುತ್ತಿದ್ದರು. ವಾಸ್ತವದಲ್ಲಿ ಆ ಸಲ ಡಾಕ್ಟರು ನನ್ನ ಹೃದಯದ ರಕ್ತನಾಳವೊಂದರೊಳಗೆ ಸ್ಟೆಂಟ್ ಎಂಬ ಪುಟ್ಟ ಲೋಹದ ಬಲೆಯನ್ನು ತೂರಿಸಿ ಮನೆಗೆ ಕಳಿಸಿದ್ದರು. ಆದರೆ ನನ್ನ ಹೆಂಡತಿ ವಿಮಲ, ನನ್ನನ್ನು ಇನ್ನೂ ಒಳಗೆ ಮಲಗಿಸಿಕೊಂಡಿರುವಾಗಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಬಂಧುಬಳಗಕ್ಕೆಲ್ಲ ಫೋನು ಮಾಡಿ "ಏನಿಲ್ಲ, ಸ್ವಲ್ಪ ಗ್ಯಾಸು" ಎಂದು ಪ್ರಕಟಣೆ ಹೊರಡಿಸಿಬಿಟ್ಟಳು. ಆ ಪ್ರಕಟಣೆ ಎರಡು ವರ್ಷ ಜಾರಿಯಲ್ಲಿತ್ತು.

ಅವಳದು ಸುಳ್ಳಲ್ಲ, ಶಾಸ್ತ್ರ. ಕಾಯಿಲೆಯ ಹೆಸರನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬಾರದು. ಹೇಳಿದರೆ, ಹೆಸರು ಹಿಡಿದು ಕರೆದ ನೆಂಟನ ಹಾಗೆ ಅದು ಬಂದು ಚಾಪೆ ಹಾಸಿಕೊಂಡು ಕೂರುತ್ತದೆ. ಚೆನ್ನಾಗಿದ್ದೇವೆ ಅಂತಲೂ ಜಂಬ ಕೊಚ್ಚಬಾರದು, ದೃಷ್ಟಿಯಾಗುತ್ತದೆ. ಈ ಎರಡು ಅಪಾಯಗಳ ನಡುವೆ ನಮ್ಮವರು ಕಂಡುಕೊಂಡ ಸುರಕ್ಷಿತ ದಾರಿಯೇ "ಏನಿಲ್ಲ".

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು, ಸ್ವಲ್ಪ ಪಾಂಡಿತ್ಯ ತೋರಿಸಲು ಅಪ್ಪಣೆ ಕೊಡಿ. ನಮ್ಮ ಹಿರಿಯರ ಕಾಗದಗಳನ್ನು ನೆನೆಸಿಕೊಳ್ಳಿ. ಮೊದಲ ಸಾಲೇ "ಉಭಯ ಕುಶಲೋಪರಿ ಸಾಂಪ್ರತ". ನೀವೂ ಕುಶಲ, ನಾವೂ ಕುಶಲ, ಮುಂದಿನ ವಿಷಯಕ್ಕೆ ಬರೋಣ ಎಂದರ್ಥ. ನಮ್ಮ ತಾತ ಬಾವಿಕಟ್ಟೆಯಿಂದ ಜಾರಿ ತೊಡೆಮೂಳೆ ಮುರಿದುಕೊಂಡಾಗ ದೊಡ್ಡಪ್ಪ ಬರೆದ ಕಾರ್ಡು ಕೂಡ "ಇಲ್ಲಿ ನಾವೆಲ್ಲರೂ ಕ್ಷೇಮ" ಎಂದೇ ಶುರುವಾಗಿತ್ತು. ಮೂಳೆಯ ಸುದ್ದಿ ಕೊನೆಯಲ್ಲಿ, ಜಾಗ ಸಾಲದೆ, ವಿಳಾಸದ ಪಕ್ಕದಲ್ಲಿ ಅಡ್ಡಡ್ಡವಾಗಿ ಬಂದಿತ್ತು. ಕುಶಲದ ಪ್ರಶ್ನೆ ನಮ್ಮಲ್ಲಿ ಉತ್ತರಕ್ಕಾಗಿ ಕೇಳುವುದಲ್ಲ. ಮರ್ಯಾದೆಗೆ ಕೇಳುವುದು, ಮರ್ಯಾದೆಗೆ ಹೇಳುವುದು.

ಇಂಥ ಜನಾಂಗಕ್ಕೆ ಅಂತರರಾಷ್ಟ್ರೀಯ ಆರೋಗ್ಯ ವಿಮೆ ಮಾರಲು ಹೊರಟವರ ಧೈರ್ಯವನ್ನು ಮೆಚ್ಚಬೇಕು.

ನಮಗೆ ಅದು ಬೇಕಾದದ್ದು ಹೀಗೆ. ವಿಮಲ ಆರಿ ಕಸೂತಿಯ ಟೀಚರು. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆಸೂಜಿಯಲ್ಲಿ ಜರಿ ಎಳೆದು ಮಾಡುವ ಕೆಲಸ. ಈಗಿನ ಮದುವೆಗಳಲ್ಲಿ ಸೀರೆಗಿಂತ ರವಿಕೆಯೇ ಭಾರವಾಗಿರುವುದಕ್ಕೆ ಇವಳಂಥವರೇ ಕಾರಣ. ನಮ್ಮ ನಡುಮನೆಯಲ್ಲೇ ತರಗತಿ. ಅವಳ ಕೆಲಸದ ಚಿತ್ರಗಳನ್ನು ಎಲ್ಲೋ ನೋಡಿದ ಪೋರ್ಚುಗಲ್ ದೇಶದ ಒಂದು ವಿನ್ಯಾಸ ಶಾಲೆಯವರು, ಚಳಿಗಾಲ ಪೂರ್ತಿ ಲಿಸ್ಬನ್ನಿನಲ್ಲಿದ್ದು ಕಲಿಸಿಕೊಡಿ, ಬೇಕಾದರೆ ಗಂಡನನ್ನೂ ಕರೆತನ್ನಿ ಎಂದು ಬರೆದರು. ಐವತ್ತೆಂಟು ವರ್ಷಕ್ಕೆ ಅವಳನ್ನು ಹುಡುಕಿಕೊಂಡು ಬಂದ ಮೊದಲ ಗೌರವ ಅದು. ಆ ಕಾಗದ ಓದಿದ ದಿನ ಅವಳು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ನಾನು ಮಾತಿಲ್ಲದೆ ಉಂಡೆ. ಆಮೇಲೆ ಹೇಳಿದಳು: "ನೀವು ಬಂದ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲ. ಮಾತ್ರೆ ಯಾರು ಕೊಡ್ತಾರೆ ನಿಮ್ಗೆ?" ವೀಸಾ ಬೇಕೆಂದರೆ ಇಬ್ಬರಿಗೂ ವಿಮೆ ಇರಲೇಬೇಕು. ಅಂದರೆ ವಿಮಲಳ ಲಿಸ್ಬನ್ನು ನನ್ನ ರಕ್ತನಾಳದ ಮೇಲೆ ನಿಂತಿತು.

ಹುಡುಕಲು ಕೂತೆ. ಮೊದಲು ತಿಳಿದದ್ದು, ಪ್ರವಾಸಿಯ ವಿಮೆ ಬೇರೆ, ಪರದೇಶದಲ್ಲಿ ಬೀಡುಬಿಡುವವರ ವಿಮೆ ಬೇರೆ ಎಂಬುದು. ಮೊದಲನೆಯದು ಕಾಲು ಉಳುಕಿದವರನ್ನು ಹೇಗಾದರೂ ಊರು ಮುಟ್ಟಿಸುವುದಕ್ಕೆ. ಎರಡನೆಯದು ಅಲ್ಲೇ ಕೆಮ್ಮಿಕೊಂಡು ಬಾಳುವವರಿಗೆ. ಎರಡನೆಯದರಲ್ಲೂ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಜಾತಿಗಳು. ನಾನು ಕಮರ್ಷಿಯಲ್ ಸ್ಟ್ರೀಟಿನ ಆಭರಣದಂಗಡಿಗೆ ಬಂದೆನೇನೋ ಎನಿಸಿತು. ಭೂಗೋಳವೂ ಹೊಸದು. ಅವರ ಪ್ರಕಾರ ಪ್ರಪಂಚ ಎರಡೇ ಬಗೆ: ಅಮೆರಿಕ ಸೇರಿದ ಪ್ರಪಂಚ, ಅಮೆರಿಕ ಬಿಟ್ಟ ಪ್ರಪಂಚ. ಬಿಟ್ಟದ್ದು ಎಷ್ಟೋ ಅಗ್ಗ. ಒಂದು ದೇಶದಲ್ಲಿ ಕಾಯಿಲೆ ಬೀಳುವ ಖರ್ಚು ಉಳಿದೆಲ್ಲ ದೇಶಗಳಲ್ಲಿ ಬೀಳುವ ಖರ್ಚನ್ನು ತೂಗುತ್ತದೆ ಎಂದು ನನಗೆ ಯಾವ ಸಮಾಜಶಾಸ್ತ್ರದವರೂ ಹೇಳಿಕೊಟ್ಟಿರಲಿಲ್ಲ.

ಇವರ ಔದಾರ್ಯಕ್ಕೆ ಮಿತಿಯೇ ಇಲ್ಲ, ನಿಮಗೆ ಆಗದೆ ಇರುವುದರ ವಿಷಯದಲ್ಲಿ ಮಾತ್ರ. ವಿಮಾನ ಅಪಹರಣವಾದರೆ ಭತ್ಯೆ ಕೊಡುತ್ತಾರೆ. ಪೆಟ್ಟಿಗೆ ತಡವಾದರೆ ಚಡ್ಡಿ ಬನಿಯನ್ನಿಗೆ ಕೊಡುತ್ತಾರೆ. ಹಿಮದ ಮೇಲೆ ಜಾರುವ ಆಟಕ್ಕೂ, ಆಕಾಶದಿಂದ ಧುಮುಕುವ ಆಟಕ್ಕೂ ಬೇಕಾದರೆ ರಕ್ಷಣೆಯುಂಟು. ಅರವತ್ತು ದಾಟಿದವನು ಬಚ್ಚಲಲ್ಲಿ ಜಾರಿದರೆ ಮಾತ್ರ ಹತ್ತು ಪ್ರಶ್ನೆ. ಒಂದು ಷರತ್ತಂತೂ ನನಗೆ ಬಾಯಿಪಾಠವಾಗಿದೆ: ಸತ್ತರೆ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ಸಕಲ ಮರ್ಯಾದೆಯೊಂದಿಗೆ ತಲುಪಿಸಲಾಗುವುದು. ಬದುಕಿರುವಾಗ ಕೊಡದ ಮರ್ಯಾದೆ. ಇದ್ದ ಕಾಯಿಲೆಗೆ, ಅಂದರೆ ವಿಮೆ ಬೇಕಾದದ್ದೇ ಯಾವುದಕ್ಕೋ ಅದಕ್ಕೆ, ಇಲ್ಲ. ಕೊಡೆ ಅಂಗಡಿಯವನು ಮಳೆ ಬರುವ ಊರಿನವರಿಗೆ ಕೊಡೆ ಮಾರುವುದಿಲ್ಲ ಎಂದ ಹಾಗಾಯಿತು.

ದೊಮ್ಮಲೂರಿನ ಗೆಳೆಯ ಮುನಿರಾಜುವನ್ನು ಕೇಳಿದೆ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಆಫೀಸುಗಳು ಬೆಳೆದಿವೆ. ಬಾಡಿಗೆಯ ದುಡ್ಡಿನಲ್ಲಿ ಮುನಿರಾಜು ಪ್ರತಿ ಬೇಸಿಗೆಯಲ್ಲಿ ಗುಂಪು ಪ್ರವಾಸ ಸೇರಿಕೊಂಡು ಒಂದಿಷ್ಟು ದೇಶಗಳನ್ನು ಬಸ್ಸಿನ ಕಿಟಕಿಯಲ್ಲಿ ನೋಡಿಬರುತ್ತಾನೆ. "ತಲೆ ಕೆಡಿಸ್ಕೋಬೇಡ ಗುರು. ಇರೋದ್ರಲ್ಲಿ ಯಾವ್ದು ಚೀಪೋ ಅದು ತಗೋ. ವಿಮೆ ಅಂದ್ರೆ ತಾಯತ ಇದ್ದಂಗೆ. ಕಟ್ಕೊಂಡ್ರೆ ಮುಗೀತು, ಒಳಗೇನೈತೆ ಅಂತ ಬಿಚ್ಚಿ ನೋಡಬಾರ್ದು" ಎಂದ. ಅವನಿಗೆ ಇದುವರೆಗೆ ಯಾವ ದೇಶದಲ್ಲೂ ಏನೂ ಆಗಿಲ್ಲವಾದ್ದರಿಂದ ಸಿದ್ಧಾಂತ ಅಲ್ಲಾಡದೆ ನಿಂತಿದೆ.

ಕೊನೆಗೆ ಹೋದದ್ದು ಶಿವಾಜಿನಗರದ ನಯಾಜ್ ಭಾಯಿ ಬಳಿಗೆ. ವಿಮಲ ಬಹಳ ಕಾಲದಿಂದ ಜರಿ, ಮಣಿ, ಟಿಕ್ಲಿ ಕೊಳ್ಳುವ ಅಂಗಡಿ ಅವರದು. ಈಗ ಅಂಗಡಿಯ ಅರ್ಧ ಭಾಗದಲ್ಲಿ ವಿಮಾನದ ಟಿಕೆಟ್ಟು, ವೀಸಾ, ವಿಮೆ ಮಾರುತ್ತಾರೆ. ಒಂದು ಕೈಯಲ್ಲಿ ಮಣಿ ತೂಗುತ್ತ, ಇನ್ನೊಂದು ಕೈಯಲ್ಲಿ ಮೌಸು ಅಲ್ಲಾಡಿಸುತ್ತ ಅವರು ನಮಗೊಂದು ಪಾಲಿಸಿ ಆರಿಸಿದರು. "ಡಾಕ್ಟರ್ ಫೋನ್ ಮಾಡ್ತಾರೆ ಸಾಬ್. ಕೇಳಿದ್ದಕ್ಕೆಲ್ಲ ಸಾಫ್ ಸೀದಾ ಹೇಳಿಬಿಡಿ, ಬಸ್" ಎಂದರು.

ಆ ಫೋನು ಬರಬಾರದ ಹೊತ್ತಿಗೆ ಬಂತು. ನಡುಮನೆಯಲ್ಲಿ ತರಗತಿ ನಡೆಯುತ್ತಿತ್ತು. ಚೌಕಟ್ಟಿನ ಸುತ್ತ ಕೂತ ಹುಡುಗಿಯರು, ಹೆಂಗಸರು, ಸೂಜಿ ಹಿಡಿದ ಹಲಸೂರಿನ ವಾರ್ತಾ ಇಲಾಖೆ. ಕಿವಿ ಸ್ವಲ್ಪ ಮಂದವಾದ್ದರಿಂದ ನಾನು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ಈ ಕಾಲ್ ರೆಕಾರ್ಡ್ ಆಗ್ತಿದೆ" ಎಂದಿತು ಒಂದು ಎಳೆಯ ಹೆಣ್ಣುದನಿ. ಮೊದಲು ವಿಮಲಳ ಸರದಿ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ? ರಾತ್ರಿ ನಿದ್ದೆ ಬರುತ್ತಾ? ಕೀಲು ನೋವು? ಪ್ರಶ್ನೆ ಮುಗಿಯುವ ಮೊದಲೇ ಅವಳು "ಇಲ್ಲ, ಏನಿಲ್ಲ, ಅದೂ ಇಲ್ಲ" ಎಂದು ಕಾಯಿ ತುರಿದ ಹಾಗೆ ಉತ್ತರಿಸಿ ಮುಗಿಸಿದಳು. ಆಮೇಲೆ ನಾನು.

"ಸರ್, ಹಾರ್ಟಿಗೆ ಸಂಬಂಧಪಟ್ಟ ತೊಂದರೆ ಏನಾದ್ರೂ ಇದ್ಯಾ?"

ನಾನು ಬಾಯಿ ತೆರೆದೆ. ಸೂಜಿಗಳೆಲ್ಲ ನಿಂತವು. ವಿಮಲ ಚೌಕಟ್ಟಿನಿಂದ ತಲೆ ಎತ್ತದೆ ಕೂಗಿದಳು: "ಏನಿಲ್ಲ ಡಾಕ್ಟ್ರೇ! ಒಂದ್ಸಲ ಸ್ವಲ್ಪ ಗ್ಯಾಸ್ ಆಗಿತ್ತು, ಅಷ್ಟೆ."

"ಹೌದಾ ಸರ್?"

ಅಷ್ಟು ಜನ ಹೆಂಗಸರ ಮುಂದೆ ಹೆಂಡತಿಯ ಮಾತಿಗೆ ಇಲ್ಲ ಎನ್ನುವ ಗಂಡಸು ಹಲಸೂರಿನಲ್ಲಿ ಇನ್ನೂ ಹುಟ್ಟಿಲ್ಲ. "ಹೂಂ, ಗ್ಯಾಸು" ಎಂದೆ.

ಪಾಲಿಸಿ ಬಂತು. ಅದರ ಪ್ರಕಾರ ನಾನು ಯಾವ ಕುಂದೂ ಇಲ್ಲದ ಗಂಡಸು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಕಂಪನಿಯೇ ಮೊಹರು ಹಾಕಿದ ಮೇಲೆ ನನಗೇನು ರೋಗ ಎಂದು ಹಲಸೂರು ಕೆರೆಯ ಸುತ್ತ ಎದೆಯುಬ್ಬಿಸಿ ನಡೆದೆ. ಅದೇ ಹುಮ್ಮಸ್ಸಿನಲ್ಲಿ ಟಿಕೆಟ್ಟು ತರಲು ನಯಾಜ್ ಭಾಯಿ ಅಂಗಡಿಗೆ ಹೋಗಿ, ನಡೆದದ್ದನ್ನು ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ. ತಕ್ಕಡಿಯನ್ನು ಕೆಳಗಿಟ್ಟರು.

"ಅಯ್ಯೋ ಸಾಬ್, ಖತಮ್! ಪಾಲಿಸಿ ಮಾರುವಾಗ ಇವ್ರು ನಿಮ್ಮ ಮಾವನ ಮನೆಯವ್ರು, ಏನ್ ಹೇಳಿದ್ರೂ ನಂಬ್ತಾರೆ. ದುಡ್ಡು ಕೊಡುವಾಗ ಪೊಲೀಸ್ನೋರು. ಹಳೇ ಆಸ್ಪತ್ರೆ ಎಲ್ಲಾ ಜಾಲಾಡ್ತಾರೆ. ಆ ದೇಶದಲ್ಲಿ ನಿಮ್ಗೆ ಎದೆನೋವು ಬಂತು ಅಂದ್ಕೊಳ್ಳಿ, ಮೇಡಂ ಒಬ್ರೇ ಏನ್ ಮಾಡ್ತಾರೆ?"

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮಲ್ಲಿ ಗಾದೆ. ಸಾವಿರ ಸುಳ್ಳನ್ನು ತಾಳಿಕೊಂಡು ಮೂವತ್ತು ವರ್ಷ ನಡೆಯುವ ಸಂಸ್ಥೆ ಮದುವೆಯೊಂದೇ. ವಿಮೆ ಒಂದೇ ಗ್ಯಾಸಿಗೆ ಕುಸಿಯುತ್ತದೆ. ದಾರಿಯುದ್ದಕ್ಕೂ ಯೋಚಿಸಿದೆ. ನಿಜ ಹೇಳಿದರೆ ಕಂಪನಿ ನನ್ನನ್ನು ಕೈಬಿಡಬಹುದು, ನನ್ನನ್ನು ಕೈಬಿಟ್ಟರೆ ವಿಮಲ ಹೋಗುವುದಿಲ್ಲ. ಹೇಳದಿದ್ದರೆ ಹೋಗುತ್ತೇವೆ, ದೇವರೇ ಗತಿ. ತಾಯತವನ್ನು ಬಿಚ್ಚಿ ನೋಡಬಾರದು ಎಂಬ ಮುನಿರಾಜುವಿನ ತತ್ವ ಅವತ್ತು ನನಗೆ ಬಹಳ ಹಿಡಿಸಿತು. ಆದರೂ ಮನೆಗೆ ಬಂದು ವಿಮಲಳಿಗೆ ಎಲ್ಲವನ್ನೂ ಹೇಳಿದೆ. "ಮೇಡಂ ಒಬ್ರೇ" ಎಂಬ ಮಾತು ನನ್ನನ್ನು ಬಿಟ್ಟಿರಲಿಲ್ಲ. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.

ಮರುದಿನ ತರಗತಿ ತುಂಬಿದ್ದಾಗಲೇ ಕಂಪನಿಯ ಡಾಕ್ಟರಿಗೆ ಫೋನು ಹಚ್ಚಿ ನಡುಮನೆಯ ಮಧ್ಯೆ ನಿಂತಳು. "ಡಾಕ್ಟ್ರೇ, ನಮ್ಮೆಜಮಾನ್ರಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ. ಬೀಪಿ ಇದೆ. ಸಕ್ಕರೆ ಇದೆ. ಬೇಡ ಅಂದ್ರೂ ಸಂಜೆ ಬೇಕರೀಲಿ ಖಾರ ಬನ್ನು ತಿಂತಾರೆ, ನಂಗೊತ್ತಿಲ್ಲ ಅಂದ್ಕೊಂಡಿದ್ದಾರೆ. ರೆಕಾರ್ಡ್ ಆಗ್ತಿದ್ಯಾ? ಬರ್ಕೊಳ್ಳಿ." ಹುಡುಗಿಯರು ನನ್ನನ್ನು ನೋಡಿದ ನೋಟದಲ್ಲಿ ಎರಡು ವರ್ಷದ ಗ್ಯಾಸು ಒಂದೇ ಉಸಿರಿಗೆ ಹಾರಿಹೋಯಿತು. ಫೋನಿಟ್ಟವಳೇ ಅಡಿಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಸಲ ನಿವಾಳಿಸಿದಳು. ಏನು ತೋಚಿತೋ, ಫೋನಿಗೂ ಒಂದು ಸಲ ನಿವಾಳಿಸಿ ಉಪ್ಪು, ಮೆಣಸಿನಕಾಯನ್ನು ಒಲೆಗೆ ಹಾಕಿದಳು. ಚಟಪಟ ಎಂದಿತು. "ನೋಡಿದ್ರಾ, ಎಷ್ಟು ದೃಷ್ಟಿ ಇತ್ತು!" ಎಂದಳು.

ಕಂಪನಿಯ ತೀರ್ಪು ಬಂತು. ನನಗೆ ಎಲ್ಲದಕ್ಕೂ ರಕ್ಷಣೆಯುಂಟು, ಹೃದಯ, ರಕ್ತನಾಳ, ಸಕ್ಕರೆ ಮತ್ತು ಅವುಗಳ ನೆಂಟರಿಷ್ಟರನ್ನು ಬಿಟ್ಟು. ಅಂದರೆ ಹಲ್ಲುನೋವಿಗೆ, ನಾಯಿಕಡಿತಕ್ಕೆ, ಅಪಹರಣಕ್ಕೆ ನಾನು ನಿಶ್ಚಿಂತೆಯಿಂದ ಲಿಸ್ಬನ್ನಿಗೆ ಹೋಗಬಹುದಿತ್ತು. ವಿಮಲ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು. ಇನ್ನೇನು, "ಬೇಡ ಬಿಡಿ, ಹೋಗೋದೇ ಬೇಡ" ಎನ್ನುತ್ತಾಳೆ ಎಂದು ಕಾದೆ. ಒಳಗೊಳಗೇ ಅದನ್ನೇ ಬಯಸಿದ್ದೆ ಎಂದರೂ ತಪ್ಪಿಲ್ಲ.

"ನಾನು ಹೋಗ್ತೀನಿ. ನೀವು ಇಲ್ಲೇ ಇರಿ" ಎಂದಳು. "ನೀವು ಬಂದ್ರೆ ನಾನು ಸೂಜಿ ನೋಡಲ್ಲ, ದಿನಾ ನಿಮ್ಮ ಮುಖಾನೇ ನೋಡ್ತಾ ಕೂತಿರ್ತೀನಿ. ಇಲ್ಲಾದ್ರೆ ಇಡೀ ಬೀದಿಗೆ ಗೊತ್ತಾಗಿದೆ ಈಗ, ಒಬ್ರಲ್ಲ ಒಬ್ರು ನೋಡ್ಕೋತಾರೆ."

ನನಗೆ ನೋವಾಯಿತು. ಆದರೆ ಅವಳ ಲೆಕ್ಕ ಸರಿಯಾಗಿತ್ತು. ಅವಳು ಹೋದ ಮೇಲೆ ಮೂಲೆಮನೆಯವರು ಸಾರಿಗೆ ಉಪ್ಪು ಕಡಿಮೆ ಹಾಕಿ ಕಳಿಸುತ್ತಾರೆ. ಬೇಕರಿಯವನು ನನ್ನನ್ನು ಕಂಡರೆ ಖಾರ ಬನ್ನಿನ ಮೇಲೆ ಬಟ್ಟೆ ಮುಚ್ಚುತ್ತಾನೆ. ಮುನಿರಾಜು ದಿನಾ ಬೆಳಗ್ಗೆ ಫೋನು ಮಾಡಿ "ಇದ್ಯಾ ಗುರು?" ಎಂದಷ್ಟೇ ಕೇಳಿ ಇಟ್ಟುಬಿಡುತ್ತಾನೆ. ಯಾವ ಕಂಪನಿಯೂ ಕೊಡದ ಈ ರಕ್ಷಣೆ ನನಗೆ ಸಿಕ್ಕಿದ್ದು ಕಾಯಿಲೆಯ ಹೆಸರು ನಾಲ್ಕು ಜನರ ಕಿವಿಗೆ ಬಿದ್ದ ಮೇಲೆ.

ವಿಮಲ ಫೋನು ಮಾಡುವುದು ನನ್ನ ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ. ಆಗ ಅವಳಿಗೆ ಬೆಳಗಿನ ಕಾಫಿ. ಮೊದಮೊದಲು ಉಭಯ ಕುಶಲೋಪರಿಯೇ ನಡೆಯಿತು. ಹೇಗಿದ್ದೀ ಎಂದರೆ "ಏನಿಲ್ಲ, ಚೆನ್ನಾಗಿದ್ದೀನಿ" ಎನ್ನುತ್ತಿದ್ದಳು. ಆ "ಏನಿಲ್ಲ"ದ ಬೆಲೆ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಒಂದು ದಿನ ಗಂಟಲು ಸರಿಮಾಡಿಕೊಂಡು, ಆ ಡಾಕ್ಟರ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದೆ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ? ರಾತ್ರಿ ನಿದ್ದೆ ಬರುತ್ತಾ? ಕೀಲು ನೋವು?

ಆ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದಾಯಿತು.

"ಮೊಣಕಾಲು ನೋಯುತ್ತೆ ರೀ" ಎಂದಳು. "ಈ ಊರು ಬರೀ ಏರು, ಬರೀ ಕಲ್ಲು. ಅಲ್ಲಿರುವಾಗ್ಲೇ ನೋಯ್ತಿತ್ತು. ಯಾರೂ ಹೀಗೆ ಕೇಳಿರ್ಲಿಲ್ಲ."

ಮದುವೆಯಾದಂದಿನಿಂದ ಅವಳನ್ನು ಹೇಗಿದ್ದೀ ಎಂದು ನಾನು ದಿನವೂ ಕೇಳಿದ್ದೇನೆ, ಮರ್ಯಾದೆಗೆ. ಅವಳು ನನ್ನನ್ನು ಅಷ್ಟಕ್ಕೆ ಬಿಡಲಿಲ್ಲ.

"ಈಗ ನಿಮ್ಮ ಸರದಿ. ಎದೆ ಹೇಗಿದೆ?"

"ಏನಿಲ್ಲ, ಸ್ವಲ್ಪ..." ಎಂದು ಶುರುಮಾಡಿದೆ.

"ನಿಜ ಹೇಳಿ" ಎಂದಳು ವಿಮಲ. "ಈ ಕಾಲ್ ರೆಕಾರ್ಡ್ ಆಗ್ತಿದೆ."