ಒದ್ದೆ ಕೈಯವನ ಹೊಟ್ಟೆಕಿಚ್ಚು

ಸವಣೂರಿನ ಪೇಟೆಯಲ್ಲಿ ಮಾಲತೇಶನ ಕೈ ನೋಡಿದರೆ ಸಾಕು, ಯಾರಾದರೂ ಅವನ ಕಸುಬು ಹೇಳಿಬಿಡುತ್ತಾರೆ. ಎಲೆ ಅಂಗಡಿಯ ಪಗಾರದ ಆಳು. ದಿನವಿಡೀ ವೀಳ್ಯದೆಲೆಗೆ ನೀರು ಚಿಮುಕಿಸಿ, ಕೊಳೆತದ್ದನ್ನು ಆರಿಸಿ, ಒದ್ದೆ ಗೋಣಿ ಹೊದಿಸುವ ಕೆಲಸ. ಹರೆಯದ ಹುಡುಗನಿಗೆ ಮುದುಕನ ಸುಕ್ಕು ಬೆರಳು. ತಡಸಕ್ಕೆ ಹೆಣ್ಣು ನೋಡಲು ಹೋದಾಗ ಕೈಗಳನ್ನು ಕಿಸೆಯಲ್ಲೇ ಇಟ್ಟುಕೊಂಡು ಚಹಾ ಬೇಡವೆಂದಿದ್ದ. ಜಂಬಗಾರನೆಂದು ತಿಳಿದು ಅವರು ಹುಡುಗಿಯನ್ನು ಬೇರೆ ಕಡೆ ಕೊಟ್ಟರು.

ಆ ಹುಡುಗಿಯ ಗಂಡನ ಮೇಲೂ ಅವನಿಗೆ ಅಷ್ಟು ಹೊಟ್ಟೆಕಿಚ್ಚಿಲ್ಲ. ಇರುವುದೆಲ್ಲ ಎದುರುಮನೆಯ ಖಾದರಸಾಬನ ಮೇಲೆ.

ಖಾದರಸಾಬ ಗಾದಿ ಹೊಲಿಯುವವನು, ಮಾಲತೇಶನ ಅಣ್ಣ ಗದಿಗೆಪ್ಪನ ಗೆಳೆಯ. ಗದಿಗೆಪ್ಪನಿಗೆ ಮನಸ್ಸಿನ ಕಾಯಿಲೆ. ಅದು ಕೆರಳಿದಾಗ ನಿದ್ದೆ ಹಾರಿಹೋಗುತ್ತದೆ, ಮಾತು ಓಡತೊಡಗುತ್ತದೆ, ಮನೆಯ ಪಾತ್ರೆಗಳೆಲ್ಲ ಅಂಗಳಕ್ಕೆ ಬಂದು ಬೀಳುತ್ತವೆ. ಅಂಥ ಹೊತ್ತಿಗೆಂದೇ ಡಾಕ್ಟರು ನಾಲಿಗೆಯ ಕೆಳಗಿಡುವ ಗುಳಿಗೆ ಕೊಟ್ಟಿದ್ದರು. ನುಂಗುವ ಹಾಗಿಲ್ಲ, ಮೇಲೆ ನೀರು ಕುಡಿಯುವ ಹಾಗಿಲ್ಲ. ಸುಮ್ಮನೆ ಕುಳಿತರೆ ತಾನೇ ಕರಗಿ ಕಾವು ಇಳಿಸುತ್ತದೆ. ಶಿಗ್ಗಾಂವಿಯ ದವಾಖಾನೆಯಲ್ಲಿ ಪಾಳಿಯಲ್ಲಿ ನಿಂತು ಗುಳಿಗೆ ತರುವವನು ಮಾಲತೇಶ. ಅಣ್ಣ ಅದಕ್ಕೆ ಬಾಯಿ ತೆರೆಯುವುದು ಮಾತ್ರ ಖಾದರಸಾಬ ಬಂದಾಗ.

“ಏನ್ ಮಂತ್ರ ಹಾಕ್ತೀರಿ ಖಾದರಣ್ಣಾ?” ಎಂದು ಒಮ್ಮೆ ಕೇಳಿಯೂ ಬಿಟ್ಟ.

“ಮಂತ್ರ ಗಿಂತ್ರ ಏನಿಲ್ಲೋ ತಮ್ಮಾ. ಅವನ ಕೈಯಾಗ ಕೊಡ್ತೇನಿ, ನಾ ಹತ್ತಿ ಹಿಂಜಕೋಂತ ಕುಂಡ್ರತೇನಿ.”

ಮಾಲತೇಶ ನಂಬಲಿಲ್ಲ. ಕಸುಬಿನ ಗುಟ್ಟು ಯಾರು ಬಿಟ್ಟುಕೊಡುತ್ತಾರೆ? ಖಾದರಸಾಬನ ಸಣ್ಣ ನಗೆಯಲ್ಲೇ ಏನೋ ಇದೆಯೆಂದು ಕನ್ನಡಿಯ ಮುಂದೆ ಅದನ್ನು ರೂಢಿ ಮಾಡಿದ. “ಯಾಕೋ, ಹಲ್ ನೋಯಾಕತ್ತಾವೇನು?” ಎಂದಳು ಅವ್ವ ಮಂಜವ್ವ.

ಹೋದ ಸಲ ಖಾದರಸಾಬ ಊರಲ್ಲಿರಲಿಲ್ಲ. ಗದಿಗೆಪ್ಪ ಗುಳಿಗೆಯನ್ನು ಉಗುಳಿದ. ಓಣಿಯ ಗಂಡಸರು ಅವನನ್ನು ಅದುಮಿ ಹಿಡಿದು, ಹಗ್ಗ ಬಿಗಿದು ಟಂಟಂನಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರು. ಕಾಲು ಹಿಡಿದವನು ಮಾಲತೇಶನೇ. ಆಮೇಲೆ ಎಷ್ಟೋ ಕಾಲ ತಮ್ಮ ಬಡಿಸಿದರೆ ಅಣ್ಣ ಉಣ್ಣುತ್ತಿರಲಿಲ್ಲ.

ಈ ಸಲವೂ ಖಾದರಸಾಬ ಮದುವೆಯ ಗಾದಿ ಮುಟ್ಟಿಸಲು ಹಾನಗಲ್ಲಿಗೆ ಹೋಗಿದ್ದ. ಮಧ್ಯಾಹ್ನ ಅವ್ವನ ಫೋನು ಬಂತು. ಮಾಲತೇಶ ಕೈಯಲ್ಲಿದ್ದ ಎಲೆ ಬಿಟ್ಟು ಓಡಿದ. ಅಂಗಳದ ತುಂಬ ಪಾತ್ರೆ, ನಡುವೆ ಅಣ್ಣನ ಗಿರಕಿ. ಕಟ್ಟೆಯ ಮೇಲೆ ಆಗಲೇ ಜನ.

“ಹಗ್ಗ ತರೂನೇನು?” ಎಂದ ಒಬ್ಬ.

“ಬ್ಯಾಡ್ರಿ,” ಎಂದ ಮಾಲತೇಶ. ಹೆದರಿಕೆಯ ಅಡಿಯಲ್ಲಿ ನಾಚಿಕೆಗೇಡಿನ ಹಿಗ್ಗೊಂದಿತ್ತು: ಇವತ್ತು ಖಾದರಸಾಬ ಇಲ್ಲ. ಆ ಸಣ್ಣ ನಗೆ ಹಾಕಿ ಗುಳಿಗೆಯನ್ನು ಬಿಚ್ಚಿ ಚಿವುಟಿ ಹಿಡಿದ. ಒಣ ಕೈಯಲ್ಲೇ ಮುಟ್ಟಬೇಕೆಂದು ಡಾಕ್ಟರು ಹೇಳಿದ್ದು ನೆನಪಾಗುವಷ್ಟರಲ್ಲಿ ಅದು ಅವನ ಒದ್ದೆ ಬೆರಳಿಗೆ ಹಿಟ್ಟಾಗಿ ಅಂಟಿತ್ತು.

ಗದಿಗೆಪ್ಪ ಗಿರಕಿ ನಿಲ್ಲಿಸಿ ಆ ಬೆರಳು ನೋಡಿದ. “ನೀನ ನೆಕ್ಕಲೇ. ನಿನಗೂ ಬೇಕಾಗೇತಿ.”

ಉಳಿದದ್ದು ಒಂದೇ ಗುಳಿಗೆ. ಇನ್ನೊಮ್ಮೆ ಮುಟ್ಟುವ ಧೈರ್ಯ ಮಾಲತೇಶನಿಗಿರಲಿಲ್ಲ. ಗುಳಿಗೆಯ ಪಟ್ಟಿಯನ್ನೇ ಅಣ್ಣನ ಅಂಗೈ ಮೇಲಿಟ್ಟ.

“ನನ್ನ ಕೈ ನಾಯಿ ನಾಲಿಗಿ ಆಗ್ಯಾವು ಅಣ್ಣಾ. ನೀನ ಬಿಚ್ಚು.”

“ಹಿಡಿಯಾಕ ಬಂದೀಯೇನು?”

“ಇಲ್ಲ. ಬಾಂಡೆ ತಿಕ್ಕಾಕ.”

ಹಾಗೆಂದ ಮೇಲೆ ತಿಕ್ಕಲೇಬೇಕಾಯಿತು. ಅಣ್ಣನಿಗೆ ಬೆನ್ನು ಹಾಕಿ ಕೂತು, ಬೆಳಗಿದ್ದ ಪಾತ್ರೆಗಳನ್ನೇ ಮತ್ತೆ ಬೆಳಗತೊಡಗಿದ. ನೋಡುವಂಥದ್ದೇನೂ ಇಲ್ಲವೆಂದು ಕಟ್ಟೆಯ ಜನ ಕರಗಿದರು. ಹಿಂದೆ ಪಟ್ಟಿ ಹರಿದ ಸದ್ದು. ಆಮೇಲೆ ಹೆಜ್ಜೆಯ ಸದ್ದು ನಿಂತಿತು. ತಿರುಗಿದರೆ ಗದಿಗೆಪ್ಪ ಬಾಯಿ ಬಿಗಿಹಿಡಿದು ಕಂಬಕ್ಕೆ ಒರಗಿ ಕೂತಿದ್ದ.

ಸಂಜೆ ಖಾದರಸಾಬ ಗಾಬರಿಯಿಂದ ಓಡಿಬಂದ. ಗುಳಿಗೆ ಯಾವಾಗಲೋ ಕರಗಿದ್ದರೂ ಮಾಲತೇಶ ತುಟಿಗೆ ಬೆರಳಿಟ್ಟು ಅವನನ್ನು ಬಾಗಿಲಲ್ಲೇ ನಿಲ್ಲಿಸಿದ. ಅಷ್ಟು ಸುಖ ಅವನಿಗೆ ಪಗಾರದ ದಿನವೂ ಸಿಕ್ಕಿರಲಿಲ್ಲ.

ಮಲಗಿದ್ದ ಗದಿಗೆಪ್ಪ ಕಣ್ಣು ತೆರೆದ. “ಖಾದರ ದಣದು ಬಂದಾನ. ಎಲಿ ಕೊಡೋ ಅವಗ.”

ಮಾಲತೇಶ ಎಲೆಯ ಕಟ್ಟು ಬಿಚ್ಚಿದ. ಒಳಗಿನ ಎಳೆಯದನ್ನು ಅಣ್ಣನಿಗೆಂದು ತೆಗೆದಿಟ್ಟು, ಮೇಲಿನ ಒರಟು ಎಲೆಯನ್ನು ಚೆನ್ನಾಗಿ ಒರೆಸಿ ಖಾದರಸಾಬನಿಗೆ ಕೊಟ್ಟ.