ಕೈಗೆ ಸಿಕ್ಕ ಇಲಿ

ಆಗೆಲ್ಲ ನಮ್ಮ ಶ್ರೀನಿವಾಸಪುರದ ಕಡೆ ಚಳಿಗಾಲವೆಂದರೆ ಎರಡು ಮಾತು ಕಿವಿಗೆ ಬೀಳುತ್ತಿದ್ದವು: ಅವರೆ ಬಂತು, ಇಲಿ ಬಿತ್ತು. ಅವರೆ ಬಂದರೆ ಮನೆತುಂಬ ಸೊಗಡಿನ ವಾಸನೆ. ಅಟ್ಟದಿಂದ ಒಂದು ಇಲಿ ಸತ್ತು ಬಿದ್ದರೆ ಪ್ಲೇಗ್ ಬಂತೆಂದೇ ಅರ್ಥ. ಮನೆಗೆ ಬೀಗ ಹಾಕಿ ಹೊಲದ ಗುಡಿಸಲಿಗೆ ಹೋಗಬೇಕು. ಅಜ್ಜಿ ದಿನಾ ಬೆಳಿಗ್ಗೆ ಕೇಳುತ್ತಿದ್ದರು, "ಇಲಿ ಏನಾದ್ರೂ ಬಿತ್ತೇನೇ? ಕಂಡ್ರೆ ಮುಟ್ಟಬೇಡ, ಬಂದು ಹೇಳು."

ನನಗಾಗ ಒಂಬತ್ತು ವರ್ಷ. ಊರಾಚೆಯ ಮಾವಿನ ತೋಪಿನಲ್ಲಿ ಒಬ್ಬ ಹಾವಾಡಿಗ ಬಿಡಾರ ಹೂಡಿದ್ದ. ಅವನ ಮಗಳು ಗಂಗಿಗೂ ನನ್ನಷ್ಟೇ ವಯಸ್ಸು. ನಾಗರಹಾವಿನ ಬುಟ್ಟಿ ಕಾಯುವುದು ಅವಳ ಕೆಲಸ. ನಾನು ಉಡಿಯಲ್ಲಿ ಬೇಯಿಸಿದ ಅವರೆಕಾಯಿ ತುಂಬಿಕೊಂಡು ಅವಳ ಹತ್ತಿರ ಓಡುತ್ತಿದ್ದೆ.

"ಇದು ಹಾಲು ಕುಡಿಯುತ್ತಾ?" ಎಂದು ಒಂದು ದಿನ ಕೇಳಿದೆ.

"ಹಾಲು ನೀವು ಕೊಡೋದು, ನಾವು ಕುಡಿಯೋದು," ಗಂಗಿ ನಕ್ಕಳು. "ಇದಕ್ಕೆ ಎಲುಕ ಬೇಕು. ಇಲಿ. ಸತ್ತು ಬಿದ್ದಿದ್ದಲ್ಲ, ಜೀವ ಇರೋದು."

"ನಾನು ತರ್ತೀನಿ."

"ನೀನಾ? ಎಲುಕ ಹಿಡಿಯೋದು ಅವರೆಕಾಯಿ ಸುಲಿದಂಗಲ್ಲ ಕಣೇ. ನಿನ್ನ ಕೈಗೆಲ್ಲ ಸಿಕ್ಕಲ್ಲ."

ಮಾರನೆಯ ದಿನವೇ ಸಿಕ್ಕಿತು. ನಮ್ಮ ರಾಗಿ ಗುಡಾಣದ ಹಿಂದೆ ಒಂದು ಇಲಿ ನಿಂತಿತ್ತು. ನನ್ನನ್ನು ಕಂಡರೂ ಓಡಲಿಲ್ಲ. ಕುಡಿದವರ ಹಾಗೆ ತೂಗುತ್ತಿತ್ತು. ಮೇಲೆ ಕುಡಿಕೆ ಕವುಚಿ, ಬಾಯಿಗೆ ಬಟ್ಟೆ ಕಟ್ಟಿದೆ.

"ಇಲಿ ಬಿತ್ತೇನೇ?" ಒಳಗಿನಿಂದ ಅಜ್ಜಿ ಕೇಳಿದರು.

"ಇಲ್ಲಜ್ಜಿ."

ಸುಳ್ಳಲ್ಲ ಎಂದುಕೊಂಡೆ. ಬಿದ್ದಿರಲಿಲ್ಲ, ನಿಂತಿತ್ತು. ಆದರೆ ಅದರಲ್ಲೇನೋ ಸರಿಯಿಲ್ಲವೆಂದು ನನಗೆ ಗೊತ್ತಿತ್ತು. ಹೇಳಿದರೆ ಹಾವು ನುಂಗುವುದನ್ನು ನೋಡಲು ಸಿಗುತ್ತಿರಲಿಲ್ಲ.

ಗಂಗಿ ಕುಡಿಕೆಯೊಳಗೆ ಇಣುಕಿದಳು. "ಯಾಕೆ ಹಿಂಗೆ ತೂಗ್ತೈತೆ?"

"ಹೆದರಿದೆ," ಎಂದೆ.

"ಹಾವಿನ ಹಲ್ಲು ಕಿತ್ತಿದೀವಿ. ಹಂಗೇ ಬಿಟ್ರೆ ಎಲುಕಾನೇ ಇದನ್ನ ಕಚ್ಚಿಬಿಡುತ್ತೆ," ಎನ್ನುತ್ತ ಅವಳು ಇಲಿಯನ್ನು ಕಲ್ಲಿಗೆ ಬಡಿದು, ಅಂಗೈಯಲ್ಲಿಟ್ಟುಕೊಂಡು, ಹಾವು ತಲೆಯೆತ್ತುವವರೆಗೆ ಕಾದಳು. ಕಾಯುತ್ತ ಎರಡು ಸಲ ಮುಂಗೈ ಕೆರೆದುಕೊಂಡಳು. ನಾನು ಹಾವನ್ನೇ ನೋಡುತ್ತಿದ್ದೆ.

ಎರಡು ದಿನ ಕಳೆಯುವಷ್ಟರಲ್ಲಿ ನಮ್ಮ ಅಟ್ಟದಿಂದ ಮೂರು ಇಲಿ ಬಿದ್ದವು. ನಾವು ಸೂಜಿ ಹಾಕಿಸಿಕೊಂಡು, ಊದಿದ ತೋಳು ಹಿಡಿದುಕೊಂಡು ಗುಡಿಸಲು ಸೇರಿದೆವು. ತೋಪಿನವರಿಗೆ ಸೂಜಿ ಹಾಕಲು ಯಾರೂ ಹೋಗಲಿಲ್ಲ.

ವಾರ ಕಳೆದ ಮೇಲೆ ಹಾವಾಡಿಗ ಗುಡಿಸಲ ಮುಂದೆ ಬಂದ. ಜೊತೆಯಲ್ಲಿ ಬುಟ್ಟಿ ಮಾತ್ರ ಇತ್ತು.

"ಮಗಳೆಲ್ಲಪ್ಪಾ?" ಅಜ್ಜಿ ಕೇಳಿದರು.

"ಜ್ವರ ಬಂತಮ್ಮಾ. ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಮೂರೇ ದಿನ."

"ಎಲ್ಲಿಂದ ಅಂಟಿತೋ, ಪಾಪ."

ನಾನು ತಲೆಯೆತ್ತದೆ ಅವರೆ ಸುಲಿಯುತ್ತಲೇ ಇದ್ದೆ. ಅವನು ಬುಟ್ಟಿ ತೆರೆದ. ಹಾವು ಚೆನ್ನಾಗಿತ್ತು; ಹೆಡೆಯೆತ್ತಿ ಆಡಿತು.

ಮುಂದೆ ಕಾಲೇಜಿನಲ್ಲಿ ಓದಿದೆ: ಇಲಿ ಸತ್ತು ಮೈ ಆರುತ್ತಲೇ ಅದರ ಚಿಗಟಗಳು ಹತ್ತಿರದ ಬೆಚ್ಚನೆಯ ಮೈಗೆ ಹಾರುತ್ತವೆ. ಪುಸ್ತಕ ಮುಚ್ಚಿ ನನ್ನ ಮುಂಗೈ ನೋಡಿಕೊಂಡೆ. ಇಂದಿಗೂ ನೋಡಿಕೊಳ್ಳುತ್ತೇನೆ. ಕುಡಿಕೆ ಹೊತ್ತು ತೋಪಿನವರೆಗೆ ನಡೆದವಳು ನಾನೇ ತಾನೆ.

ಈಗ ಆ ತೋಪಿಲ್ಲ, ಅಟ್ಟವಿಲ್ಲ, ಇಲಿ ಬಿತ್ತೇ ಎಂದು ಕೇಳುವ ಅಜ್ಜಿಯೂ ಇಲ್ಲ. ಕೇಳಿದ್ದರೆ ಒಮ್ಮೆಯಾದರೂ ನಿಜ ಹೇಳುತ್ತಿದ್ದೆನೇನೋ. ಅವರೆ ಮಾತ್ರ ವರ್ಷವರ್ಷವೂ ಬರುತ್ತದೆ. ಸುಲಿಯುವಾಗ ಗಂಗಿಯ ಮಾತು ನೆನಪಾಗುತ್ತದೆ. ಅವಳು ಹೇಳಿದ್ದು ಸರಿಯಾಗಿತ್ತು. ಆರೋಗ್ಯವಾಗಿದ್ದ ಇಲಿ ನನ್ನ ಕೈಗೆ ಸಿಗುತ್ತಿರಲಿಲ್ಲ.